ಕೋವಿ ಹಿಡಿಯಲು ಕಲಿಸುವ ಜಾಗದಲ್ಲಿ ಬಾರ್ ಬೇಡ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮ ಜಿಲ್ಲೆಯಲ್ಲಿ ಇನ್ನು ಮುಂದೆ ಯಾರಾದರೂ ಶೂಟಿಂಗ್ ರೇಂಜ್ ಕಟ್ಟುತ್ತೇವೆಂದು ಅರ್ಜಿ ಹಾಕಿಕೊಂಡು ಬಂದರೆ, ಅದೇ ಕಾಂಪೌಂಡಿನೊಳಗೆ ಮದ್ಯ ಮಾರುವುದಕ್ಕಾಗಲಿ, ಹೊರಗಿನಿಂದ ತಂದು ಕುಡಿಯುವುದಕ್ಕಾಗಲಿ ದಯವಿಟ್ಟು ಒಪ್ಪಿಗೆ ಕೊಡಬೇಡಿ. ಕ್ಲಬ್ಬಿನ ಹೆಸರಿನಲ್ಲಿಯೂ ಬೇಡ, ರೆಸಾರ್ಟಿನ ಹೆಸರಿನಲ್ಲಿಯೂ ಬೇಡ. ನಾನು ಕೇಳುತ್ತಿರುವುದು ಇಷ್ಟನ್ನೇ. ಪತ್ರವನ್ನು ನಿಮ್ಮ ವಿದ್ಯಾನಗರದ ಕಚೇರಿಗೂ ಕಳಿಸಿದ್ದೇನೆ. ಆದರೆ ಇದು ಕಡತದೊಳಗೆ ಮಾತ್ರ ತೀರ್ಮಾನವಾಗುವ ವಿಷಯವಲ್ಲ, ಜಿಲ್ಲೆಯ ಜನರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಎಣ್ಮಕಜೆ ಪಂಚಾಯತಿನವಳು. ಅಡಿಕೆ, ತೆಂಗು, ನಡುವೆ ಒಂದಿಷ್ಟು ಕೊಕ್ಕೋ ನಮ್ಮ ಜೀವನ. ಮಾವ ತೀರಿಕೊಂಡ ಮೇಲೆ ಅವರ ಜೋಡು ನಳಿಗೆಯ ಕೋವಿಯ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ತಂಗಿಯ ಮಗಳು ಉಪ್ಪಳದಲ್ಲಿ ಪ್ಲಸ್ ಟು ಓದುತ್ತಿದ್ದಾಳೆ, ಏರ್ ರೈಫಲ್ ಕಲಿಯುತ್ತಿದ್ದಾಳೆ. ಕಲಿಯಲಿಕ್ಕೆ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕು. ಅವಳ ಅಪ್ಪನಿಗೆ ಬಿಡುವಿಲ್ಲದ ದಿನ ನಾನು ಜೊತೆಗೆ ಹೋಗುತ್ತೇನೆ. ಹೀಗಾಗಿ ಗುಡ್ಡೆಯ ಕೋವಿಯನ್ನೂ ರೇಂಜಿನ ರೈಫಲನ್ನೂ ನಾನು ಹತ್ತಿರದಿಂದ ಬಲ್ಲೆ. ನಮ್ಮ ಜಿಲ್ಲೆಗೆ ಒಂದು ಒಳ್ಳೆಯ ರೇಂಜ್ ಬೇಕು ಎಂದು ಮನಸಾರೆ ಬಯಸುವವರಲ್ಲಿ ನಾನೂ ಒಬ್ಬಳು. ಬೇಡ ಅನ್ನುತ್ತಿರುವುದು ರೇಂಜನ್ನಲ್ಲ.

ಇದನ್ನು ಈಗಲೇ ಬರೆಯಲು ಕಾರಣವಿದೆ. ಬೇಕಲದ ಕಡೆ ರೆಸಾರ್ಟುಗಳು ಬಂದ ಮೇಲೆ ಪ್ರವಾಸಿಗಳಿಗೆ ಹೊಸ ಹೊಸ ಆಟ ಬೇಕು ಎಂಬ ಮಾತು ಜೋರಾಗಿದೆ. ಹಣ ಹಾಕಲು ತಯಾರಿರುವ ಒಬ್ಬರು ನನ್ನೆದುರೇ ಹೇಳಿದರು: "ಅಕ್ಕ, ಬರೀ ರೇಂಜ್ ಇಟ್ಟರೆ ಕರೆಂಟ್ ಬಿಲ್ಲೂ ಹುಟ್ಟಲಿಕ್ಕಿಲ್ಲ. ಪಕ್ಕದಲ್ಲೇ ಒಂದು ಬಾರ್ ಇದ್ದರೆ ಮಾತ್ರ ನಡೆಯುತ್ತದೆ. ಶೂಟಿಂಗ್ ಮುಗಿಸಿದವರಿಗೆ ಮಾತ್ರ ಕೊಡುವುದು, ಮತ್ತೆಂತ ತೊಂದರೆ?" ಅವರು ಕೆಟ್ಟವರಲ್ಲ, ಲೆಕ್ಕ ಗೊತ್ತಿರುವವರು. ಅವರ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲೇಬೇಕು ಎಂದು ಆವತ್ತಿನಿಂದ ಅನ್ನಿಸುತ್ತಿದೆ.

ಮೊದಲು ಅವರ ಪಕ್ಷದ ಮಾತನ್ನೇ ಹೇಳುತ್ತೇನೆ. ಕುಡಿತವನ್ನೂ ಶೂಟಿಂಗನ್ನೂ ಒಂದೇ ಆವರಣದಲ್ಲಿ ಇಟ್ಟುಕೊಂಡ ದೇಶಗಳು ಇವೆ. ಜರ್ಮನಿಯ ಹಳ್ಳಿಗಳ ಶೂಟಿಂಗ್ ಸಂಘಗಳು ಹಳೆಯವು. ಎಷ್ಟೋ ಸಂಘಗಳ ಕಟ್ಟಡದಲ್ಲಿ ಬಿಯರ್ ಸಿಗುತ್ತದೆ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಒಳಾಂಗಣ ರೇಂಜೊಂದು ಹತ್ತು ಹನ್ನೆರಡು ವರ್ಷಗಳ ಹಿಂದೆ ಹೋಟೆಲಿನ ಜೊತೆ ಮದ್ಯಕ್ಕೂ ಅನುಮತಿ ಪಡೆಯಿತು. ಅಲ್ಲಿ ಗುರುತಿನ ಚೀಟಿ ತೋರಿಸಿ ಒಂದು ಗ್ಲಾಸು ಕೊಂಡರೆ ಆ ದಿನ ಮತ್ತೆ ರೇಂಜಿನೊಳಗೆ ಬಿಡುವುದಿಲ್ಲ ಎಂಬುದು ಅವರು ಮಾಡಿಕೊಂಡ ಏರ್ಪಾಡು. ಅದೇ ಅಮೆರಿಕದಲ್ಲಿ ಕೋವಿ ಇಟ್ಟುಕೊಳ್ಳುವ ಹಕ್ಕಿಗಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುವ ನ್ಯಾಷನಲ್ ರೈಫಲ್ ಅಸೋಸಿಯೇಶನ್ ಕೂಡ ತನ್ನ ಸುರಕ್ಷತಾ ನಿಯಮಗಳಲ್ಲಿ ಗುಂಡು ಹಾರಿಸುವ ಮೊದಲೂ ಹಾರಿಸುವಾಗಲೂ ಮದ್ಯ ಮುಟ್ಟಬೇಡಿ ಎಂದು ಬರೆದಿಟ್ಟಿದೆ. ಕುಡಿದು ಗುಂಡು ಹಾರಿಸಬಹುದು ಎನ್ನುವವರು ಯಾರೂ ಇಲ್ಲ. ಹಾರಿಸಿ ಆದ ಮೇಲೆ ಅದೇ ಮಾಡಿನಡಿ ಕುಡಿಯಬಹುದೇ ಎಂಬುದಷ್ಟೇ ಪ್ರಶ್ನೆ. ನನ್ನ ಮಟ್ಟಿಗೆ ಅದಕ್ಕೂ ಉತ್ತರ ಬೇಡ ಎಂದೇ.

ರೇಂಜಿನಲ್ಲಿ ಅಪಾಯ ಇರುವುದು ಎಲ್ಲಿ ಎಂದು ಹೊರಗಿನವರನ್ನು ಕೇಳಿದರೆ ಗುಂಡು ಹಾರುವ ಸಾಲನ್ನು ತೋರಿಸುತ್ತಾರೆ. ನಿಜ ನೋಡಿದರೆ ಆ ಸಾಲೇ ಹೆಚ್ಚು ಭದ್ರವಾದದ್ದು. ಅಲ್ಲಿ ಎಲ್ಲರ ನಳಿಗೆಯೂ ಒಂದೇ ದಿಕ್ಕಿಗೆ. ರೇಂಜ್ ಆಫೀಸರ್ ಹಿಂದೆಯೇ ನಿಂತಿರುತ್ತಾರೆ. "ಲೋಡ್" ಅಂದರೆ ಮಾತ್ರ ತುಂಬಬೇಕು, "ಸ್ಟಾರ್ಟ್" ಅಂದ ಮೇಲೆ ಹಾರಿಸಬೇಕು, "ಸ್ಟಾಪ್" ಅಂದ ಕ್ಷಣ ಬೆರಳು ಟ್ರಿಗ್ಗರ್ ಬಿಡಬೇಕು. ಹಾರಿಸಿ ಆದ ಮೇಲೆ ನಮ್ಮ ಹುಡುಗಿ ನಳಿಗೆಯೊಳಗೆ ಕೆಂಪು ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಬಳ್ಳಿ ತೂರಿಸುತ್ತಾಳೆ. ಆಚೆ ತುದಿಯಲ್ಲಿ ಅದರ ಮೂತಿ ಹೊರಗೆ ಕಂಡರೆ ಒಳಗೆ ಏನೂ ಇಲ್ಲ ಎಂದು ಹತ್ತು ಮಾರು ದೂರದಲ್ಲಿರುವವರಿಗೂ ಗೊತ್ತಾಗುತ್ತದೆ. ಆ ಬಳ್ಳಿ ಹಾಕದೆ ರೈಫಲನ್ನು ಮೇಜಿನಿಂದ ಎತ್ತಿದ್ದಕ್ಕೆ ಅವಳ ಕೋಚ್ ಒಮ್ಮೆ ಉಳಿದ ಅಭ್ಯಾಸವನ್ನೇ ನಿಲ್ಲಿಸಿ ಬೆಂಚಿನಲ್ಲಿ ಕೂರಿಸಿದ್ದರು. 4.5 ಮಿಲಿಮೀಟರ್ ಗುಂಡಿನ, ಲೈಸೆನ್ಸೇ ಬೇಡದ ಏರ್ ರೈಫಲಿಗೆ ಇಷ್ಟು ಕಟ್ಟುನಿಟ್ಟು.

ಅಪಾಯ ಶುರುವಾಗುವುದು ಈ ಸಾಲಿನಿಂದ ಹಿಂದೆ ಬಂದ ಮೇಲೆ. ಕೋವಿಯನ್ನು ಚೀಲಕ್ಕೆ ಹಾಕುವಾಗ, ಉಳಿದ ತೋಟೆ (ಕಾಡತೂಸು) ಎಣಿಸುವಾಗ, ಗೆಳೆಯನಿಗೆ "ನೋಡು ಇದರ ಟ್ರಿಗ್ಗರ್ ಎಷ್ಟು ಹಗುರ" ಎಂದು ತೋರಿಸುವಾಗ, ಜೀಪಿನ ಹಿಂದಿನ ಸೀಟಿನಲ್ಲಿ ಇಡುವಾಗ, ಮನೆಗೆ ಬಂದು ಕಪಾಟಿಗೆ ಹಾಕುವಾಗ. ಆ ಹೊತ್ತಿಗೆ ರೇಂಜ್ ಆಫೀಸರ್ ಇರುವುದಿಲ್ಲ. ಶೂಟಿಂಗ್ ಮುಗಿದ ಮೇಲೆ ಮಾತ್ರ ಕುಡಿಯಲು ಕೊಡುತ್ತೇವೆ ಎಂದರೆ, ಕಾವಲು ಇರುವ ಹೊತ್ತಿನಲ್ಲಿ ಜನರನ್ನು ಸ್ವಸ್ಥವಾಗಿ ಇಟ್ಟು ಕಾವಲು ಇಲ್ಲದ ಹೊತ್ತಿಗೆ ಕುಡಿಸಿ ಕಳಿಸಿದ ಹಾಗೆ. ಒಕ್ಲಹೋಮದ ಏರ್ಪಾಡು ಕುಡಿದವನನ್ನು ರೇಂಜಿನ ಬಾಗಿಲಲ್ಲಿ ತಡೆಯುತ್ತದೆ, ಒಪ್ಪಿದೆ. ಅವನ ಜೊತೆಗೇ ಅವನ ಕೋವಿಯೂ ಬಾಗಿಲ ಹೊರಗೇ ಇರುತ್ತದಲ್ಲ, ಅದಕ್ಕೆ ಏನು ಮಾಡೋಣ?

ನನ್ನ ಮಾವ ಸಂಜೆ ಕಳ್ಳು ಕುಡಿಯುವವರೇ ಆಗಿದ್ದರು. ಅದನ್ನು ಮುಚ್ಚಿಟ್ಟು ದೊಡ್ಡ ಮಾತಾಡುವುದು ಬೇಡ. ಆದರೆ ಅವರಿಗೆ ಒಂದು ಕಟ್ಟು ಇತ್ತು: ಬಾಯಿಗೆ ಕಳ್ಳು ಬಿದ್ದ ಮೇಲೆ ಮರುದಿನ ಬೆಳಿಗ್ಗೆಯ ತನಕ ಕೋವಿ ಮುಟ್ಟುವುದಿಲ್ಲ. ಒಮ್ಮೆ ರಾತ್ರಿ ಕೆಳಗಿನ ಬೈಲಿಗೆ ಹಂದಿ ನುಗ್ಗಿ ಬಾಳೆ ಬುಡ ಮಗುಚುತ್ತಿದ್ದ ಸದ್ದು ಅಂಗಳಕ್ಕೇ ಕೇಳಿಸುತ್ತಿತ್ತು. ಆಳುಗಳು ಬಂದು ಕರೆದರೂ ಅವರು ಜಗಲಿಯಿಂದ ಏಳಲಿಲ್ಲ. ಡಬ್ಬ ಬಡಿದು ಓಡಿಸಿ ಎಂದರು. ಕುಡಿಯದ ದಿನ ಬೇಟೆಯಿಂದ ಬಂದರೆ ಅಂಗಳದಲ್ಲೇ ಕೋವಿಯ ನಳಿಗೆ ಬಾಗಿಸಿ ತೆರೆದು, ತೋಟೆ ತೆಗೆದು ಜೇಬಿಗೆ ಹಾಕಿ, ಎರಡೂ ನಳಿಗೆಯಲ್ಲಿ ಆಕಾಶ ನೋಡಿದ ಮೇಲೆಯೇ ಮೆಟ್ಟಿಲು ಹತ್ತುತ್ತಿದ್ದರು. ನನಗೂ ಹಾಗೆಯೇ ಕಲಿಸಿದರು. ಇದೇನೂ ನಮ್ಮ ಮನೆಯ ವಿಶೇಷವಲ್ಲ. ಹಳೆಯ ತಲೆಯವರು ಎಷ್ಟೋ ಮನೆಗಳಲ್ಲಿ ಹೀಗೇ ನಡೆದುಕೊಂಡವರು. ಹೀಗೆ ನಡೆಯದ ಮನೆಗಳಲ್ಲಿ ಏನೇನಾಯಿತು ಎಂಬುದು ಪೊಲೀಸ್ ಠಾಣೆಗಳಿಗೆ ಗೊತ್ತು.

ಒಂದು ಗ್ಲಾಸಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಲಿಂಪಿಕ್ಸಿನ ಒಂದು ಘಟನೆ ಹೇಳಬೇಕು. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಸ್ವೀಡನ್ನಿನ ಹಾನ್ಸ್ ಗುನ್ನರ್ ಲಿಲಿಯೆನ್ವಾಲ್ ಎಂಬ ಮಾಡರ್ನ್ ಪೆಂಟಾತ್ಲಾನ್ (ಪಿಸ್ತೂಲೂ ಸೇರಿದ ಐದು ಆಟಗಳ ಸ್ಪರ್ಧೆ) ಆಟಗಾರ ಪಿಸ್ತೂಲು ಸ್ಪರ್ಧೆಗೆ ಮೊದಲು ಎದೆಬಡಿತ ತಣಿಯಲಿ ಎಂದು ಎರಡು ಬಿಯರ್ ಕುಡಿದಿದ್ದಾಗಿ ಹೇಳಿದ. ಪರೀಕ್ಷೆಯಲ್ಲಿ ಮದ್ಯ ಸಿಕ್ಕಿತು. ಒಲಿಂಪಿಕ್ಸ್ ಇತಿಹಾಸದಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಅನರ್ಹನಾದ ಮೊದಲ ಆಟಗಾರ ಅವನೇ, ಅವನ ತಂಡದ ಕಂಚು ಹಿಂದಕ್ಕೆ ಹೋಯಿತು. ಅವನು ಕುಡಿದದ್ದು ಗುರಿ ತಪ್ಪಲಿ ಎಂದಲ್ಲ, ಗುರಿ ಕೂರಲಿ ಎಂದು. ಸ್ವಲ್ಪ ಮದ್ಯ ಕೈಯ ನಡುಕವನ್ನು ಅಡಗಿಸಬಲ್ಲದು. ಇದೇ ಕೆಲಸ ಮಾಡುವ ಬೀಟಾ ಬ್ಲಾಕರ್ ಎಂಬ ಹೃದಯದ ಔಷಧಿಗಳನ್ನು ಶೂಟಿಂಗಿನಲ್ಲಿ ಇವತ್ತಿಗೂ ನಿಷೇಧಿಸಲಾಗಿದೆ. 2008ರ ಬೀಜಿಂಗಿನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಅದರಿಂದಲೇ ಒಂದು ಬೆಳ್ಳಿ, ಒಂದು ಕಂಚು ಕಳೆದುಕೊಂಡರು.

ನನಗೆ ಹೆಚ್ಚು ಭಯವಾಗುವುದು ಇದೇ ಕಾರಣಕ್ಕೆ. ಎರಡು ಪೆಗ್ ಹಾಕಿದವನಿಗೆ ಕೈ ನಡುಗುವುದಿಲ್ಲ. ನಡುಗಿದ್ದರೆ ಅವನೇ ಹೆದರಿ ಕೆಳಗಿಡುತ್ತಿದ್ದ. ಕೈ ನಿಲ್ಲುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ, "ನನಗೆ ಏನೂ ಆಗಿಲ್ಲ" ಎಂಬ ಮಾತು ಬರುತ್ತದೆ. ಹೋಗುವುದು ಎಚ್ಚರ: ನಳಿಗೆಯಲ್ಲಿ ತೋಟೆ ಇದೆಯೋ ಇಲ್ಲವೋ ಎಂದು ಎರಡನೆಯ ಸಲ ನೋಡುವ ಬುದ್ಧಿ, ಎದುರಿನ ಗೋಡೆಯ ಆಚೆ ಯಾರಿದ್ದಾರೆ ಎಂಬ ಯೋಚನೆ. ಎಲ್ಲ ಬಂದೂಕುಗಳಲ್ಲಿ ಸಣ್ಣದು ಎನ್ನುವ .22 ರೈಫಲಿನ ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ನಮ್ಮ ಕಡೆ ಒಂದೂವರೆ ಕಿಲೋಮೀಟರ್ ಅಂದರೆ ಎಷ್ಟು ಮನೆ, ಎಷ್ಟು ಅಂಗನವಾಡಿ ಎಂದು ನಿಮಗೆ ವಿವರಿಸಬೇಕಿಲ್ಲ.

ನಿನ್ನೆ ಕುಡಿದದ್ದು ನಿನ್ನೆಗೇ ಮುಗಿಯುತ್ತದೆ ಎಂಬ ನಂಬಿಕೆಯೂ ತಪ್ಪು. ಮಂಗಳೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆ ಬಂದ ಮಧ್ಯವಯಸ್ಸಿನವರೊಬ್ಬರನ್ನು ಆ ಕೋಚ್ ಬಾಗಿಲಲ್ಲೇ ನಿಲ್ಲಿಸಿದರು. "ಸರ್, ಅದು ರಾತ್ರಿದು, ಮದುವೆ ಇತ್ತು" ಎಂದು ಅವರು. "ರಾತ್ರಿದೇ ಆಗಲಿ, ಮಧ್ಯಾಹ್ನ ಬನ್ನಿ" ಎಂದು ಇವರು. ನಮ್ಮ ದೇಹ ಒಂದು ಗಂಟೆಗೆ, 100 ಮಿಲಿಲೀಟರ್ ರಕ್ತದ ಲೆಕ್ಕದಲ್ಲಿ, ಸುಮಾರು 15 ಮಿಲಿಗ್ರಾಂ ಮದ್ಯವನ್ನು ಮಾತ್ರ ಕರಗಿಸಬಲ್ಲದು. ನಡುರಾತ್ರಿಗೆ 150 ಇದ್ದವನಲ್ಲಿ ಅದು ಪೂರ್ತಿ ಇಳಿಯಲು ಬೆಳಿಗ್ಗೆ ಹತ್ತು ಗಂಟೆಯಾಗಬೇಕು. ವಾಹನ ಓಡಿಸುವವನಿಗೆ ಕಾನೂನು ಹಾಕಿದ ಮಿತಿ 30. ವಿಮಾನದ ಪೈಲಟ್ ಹಾರಾಟಕ್ಕೆ ಮೊದಲಿನ 12 ಗಂಟೆ ಕುಡಿಯುವಂತಿಲ್ಲ, ಉಸಿರು ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು. ಕೋವಿ ಹಿಡಿಯುವವನಿಗೆ ಲಾರಿ ಚಾಲಕನ ಅಳತೆಗಿಂತ ಪೈಲಟಿನ ಅಳತೆಯೇ ಸರಿ ಎಂದು ನನಗನ್ನಿಸುತ್ತದೆ.

ಇನ್ನು, ಆ ಕೋಚ್ ಬಾಗಿಲಲ್ಲಿ ನಿಂತು "ಬೇಡ" ಅನ್ನಲು ಸಾಧ್ಯವಾದದ್ದು ಹೇಗೆ? ಆ ಜಾಗದಲ್ಲಿ ಬಾರ್ ಇರಲಿಲ್ಲ. ರೇಂಜಿನ ಆದಾಯ ಬಾರಿನಿಂದ ಬರತೊಡಗಿದರೆ ರೇಂಜ್ ಆಫೀಸರನ ಸಂಬಳವೂ ಅಲ್ಲಿಂದಲೇ ಬರುತ್ತದೆ. ಶನಿವಾರ ಸಂಜೆ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಬಂದು ದೊಡ್ಡ ಬಿಲ್ಲು ಮಾಡುವ, ಊರಿನಲ್ಲಿ ಹೆಸರಿರುವ, ಪಾರ್ಟಿಯಲ್ಲಿ ಕೈ ಇರುವ ಗಿರಾಕಿ "ಇನ್ನೊಂದು ಹತ್ತು ತೋಟೆ ಕೊಡು ತಮ್ಮಾ, ಅರ್ಧ ಗ್ಲಾಸಿಗೆ ಎಂತ ಆಗುತ್ತದೆ" ಎಂದರೆ, ತಿಂಗಳ ಸಂಬಳಕ್ಕೆ ದುಡಿಯುವ ಇಪ್ಪತ್ತೈದರ ಹುಡುಗ ಇಲ್ಲ ಎನ್ನಬೇಕು. ಒಂದು ಸಲ ಅಂದಾನು. ಮಾಲೀಕರು ಕರೆದು "ಸ್ವಲ್ಪ ನೋಡಿ ಮಾಡಬೇಕಪ್ಪ" ಎಂದ ಮೇಲೆ ಎರಡನೆಯ ಸಲ ಅವನ ಬಾಯಿ ಏಳುವುದಿಲ್ಲ. ನಮ್ಮ ಊರುಗಳಲ್ಲಿ ದೊಡ್ಡವರಿಗೆ ಇಲ್ಲ ಅನ್ನುವುದು ಎಷ್ಟು ಕಷ್ಟ ಎಂಬುದು ನಿಮ್ಮ ಕಚೇರಿಯ ಸಿಬ್ಬಂದಿಗೂ ಗೊತ್ತು. ಸುರಕ್ಷತೆಯೆಲ್ಲ ನಿಂತಿರುವುದು ಆ ಒಬ್ಬ ಹುಡುಗನ "ಇಲ್ಲ" ಎಂಬ ಮಾತಿನ ಮೇಲೆ. ಅದನ್ನು ದುರ್ಬಲ ಮಾಡುವ ಯಾವ ವ್ಯಾಪಾರವೂ ಆ ಕಾಂಪೌಂಡಿನಲ್ಲಿ ಇರಕೂಡದು.

ರೇಂಜಿಗೆ ಬರುವವರು ಯಾರು ಎಂಬುದನ್ನೂ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಬರಬೇಕಾದವರು ಮಕ್ಕಳು. ಕೊಲ್ಲಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ಸ್ವಪ್ನಿಲ್ ಕುಸಾಲೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲಿನಲ್ಲಿ ಕಂಚು ತಂದರು. ಅದೇ ಜಿಲ್ಲೆಯ ತೇಜಸ್ವಿನಿ ಸಾವಂತ್ 2010ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಅದೇ ಪ್ಯಾರಿಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ನೋಡಿಯೇ ನಮ್ಮ ಹುಡುಗಿ ಹಟ ಹಿಡಿದದ್ದು. ಕರ್ನಾಟಕದ ಗಡಿಗೆ ತಾಗಿದ ಕೊಲ್ಲಾಪುರಕ್ಕೆ ಆದದ್ದು ಕರ್ನಾಟಕದ ಗಡಿಗೇ ತಾಗಿದ ಕಾಸರಗೋಡಿಗೆ ಯಾಕೆ ಆಗಬಾರದು? ಏರ್ ರೈಫಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರಿನದು. ಹತ್ತು ಮೀಟರ್ ದೂರದಿಂದ ಅದನ್ನು ಹೊಡೆಯಲು ಬೇಕಾದದ್ದು ವರ್ಷಗಟ್ಟಲೆಯ ತಾಳ್ಮೆ, ಶಾಂತವಾದ ಜಾಗ ಮತ್ತು ಹೆಣ್ಣುಮಗಳನ್ನು ಒಬ್ಬಳೇ ಬಿಟ್ಟು ಬರಲು ಅಪ್ಪ ಅಮ್ಮನಿಗೆ ಧೈರ್ಯ.

ಕೇರಳದಲ್ಲಿ 23 ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಹಾಗಾದರೆ ಈ ಮಕ್ಕಳಲ್ಲಿ ಯಾರಿಗೂ ಬಾರಿನಿಂದ ಪ್ರಯೋಜನವಿಲ್ಲ. ಅದು ಬೇಕಾಗಿರುವುದು ಜೊತೆಗೆ ಬರುವ, ಅಥವಾ ಬಾರಿಗೆಂದೇ ಬರುವ ದೊಡ್ಡವರಿಗೆ. ಸಂಜೆ ಆರಕ್ಕೆ ಅಭ್ಯಾಸ ಮುಗಿಸಿ ಹುಡುಗಿ ರೈಫಲ್ ಚೀಲ ಹೊತ್ತು ಕುಡಿದವರ ಮೇಜುಗಳ ನಡುವಿನಿಂದ ಹೊರಗೆ ಬರಬೇಕಾದ ಜಾಗಕ್ಕೆ ಉಪ್ಪಳದಿಂದಾಗಲಿ ಕುಂಬಳೆಯಿಂದಾಗಲಿ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಒಂದು ವರ್ಷದೊಳಗೆ ಮಕ್ಕಳು ಬರುವುದು ನಿಂತು, ರೇಂಜ್ ಎಂಬುದು ಬಾರಿನ ಹಿತ್ತಿಲಾಗುತ್ತದೆ.

ಇನ್ನೊಂದು ಪಾಲು ನಮ್ಮಂಥ ಕೃಷಿಕರದ್ದು. 2022ರಿಂದ ಪಂಚಾಯತು ಅಧ್ಯಕ್ಷರಿಗೆ ತೊಂದರೆ ಕೊಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರ ಸಿಕ್ಕಿದೆ; ಪಟ್ಟಿಯಲ್ಲಿರುವ ಲೈಸೆನ್ಸ್‌ದಾರರನ್ನು ಕರೆಸುತ್ತಾರೆ. ಹೀಗೆ ಹೋಗುವವರಲ್ಲಿ ಎಷ್ಟು ಜನ ಒಂದು ರೇಂಜಿನಲ್ಲಿ ನಿಂತು ಗುರಿ ಸರಿಮಾಡಿಕೊಂಡವರು? ಕತ್ತಲಲ್ಲಿ, ಟಾರ್ಚಿನ ಬೆಳಕಿನಲ್ಲಿ, ರಬ್ಬರ್ ತೋಟದ ನಡುವೆ ಹೊಡೆಯುವ ಕೆಲಸ ಅದು. ಹಂದಿ ತಾಗಿದರೆ ತಾನೇ ಹಾರಲಿ ಎಂದು ಕಟ್ಟಿಟ್ಟ ಕೋವಿಗೆ ಮನುಷ್ಯರು ಬಲಿಯಾದದ್ದನ್ನೂ ಈ ಜಿಲ್ಲೆ ಕಂಡಿದೆ. ಇವರಿಗೆ ತರಬೇತಿ ಬೇಕೇ ಬೇಕು. ಅದು ಸಿಗುವ ಜಾಗದಲ್ಲಿ ಕೋವಿ ಮತ್ತು ಕುಡಿತ ಒಟ್ಟಿಗೆ ಇರಬಹುದು ಎಂಬ ಅಭ್ಯಾಸ ಬಿದ್ದರೆ, ಅದು ಅಲ್ಲೇ ನಿಲ್ಲದು, ನೇರ ತೋಟಕ್ಕೆ ಬರುತ್ತದೆ. ರಾತ್ರಿ ಬೇಟೆಗೆ ಬಾಟಲಿ ಕಟ್ಟಿಕೊಂಡು ಹೋಗುವ ಪದ್ಧತಿ ಈಗಾಗಲೇ ಕೆಲವರಲ್ಲಿ ಇದೆ. ಗಡಿಯಾಚೆಯಿಂದ ಬರುವ ಪ್ಯಾಕೆಟ್ ಮದ್ಯವನ್ನು ಅಬಕಾರಿಯವರು ಹಿಡಿಯುವ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಸಿಗುವುದೇನೂ ನಮ್ಮಲ್ಲಿ ಕಷ್ಟವಿಲ್ಲ.

ಕುಡಿಯುವವನ ಮೇಲೆ ನಿಗಾ ಇಟ್ಟರೆ ಸಾಕು, ಅಂಗಡಿಯ ಮೇಲೆ ಯಾಕೆ ನಿರ್ಬಂಧ ಎಂಬ ವಾದಕ್ಕೆ ಸುಪ್ರೀಂ ಕೋರ್ಟೇ ಉತ್ತರ ಕೊಟ್ಟಿದೆ. 2016ರ ಡಿಸೆಂಬರ್ 15ರಂದು ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಬಾರದು ಎಂದಾಗ ಕುಡಿದು ಓಡಿಸುವುದು ಮೊದಲೇ ಅಪರಾಧವಾಗಿತ್ತು. ಅಪರಾಧ ಎಂದು ಬರೆದಿಟ್ಟರೆ ಸಾಲದು, ಚಾಲಕನ ಕೈಗೆಟುಕುವಲ್ಲಿ ಮದ್ಯ ಇರಲೇಬಾರದು ಎಂಬುದು ಆ ತೀರ್ಪಿನ ತಿರುಳು. ಆಮೇಲೆ ಸಣ್ಣ ಊರುಗಳಿಗೆ ದೂರವನ್ನು 220 ಮೀಟರಿಗೆ ಇಳಿಸಿದ್ದು, ನಗರಗಳಿಗೆ ಸಡಿಲ ಕೊಟ್ಟದ್ದು ನಿಜ, ಆದರೆ ಆ ಯೋಚನೆಯನ್ನು ಕೋರ್ಟು ಕೈಬಿಡಲಿಲ್ಲ. ರಸ್ತೆಯ ಬದಿಗೆ ಬೇಡವಾದದ್ದು ಕೋವಿಯ ಬದಿಗೆ ಹೇಗೆ ಆದೀತು?

ನಿಮ್ಮ ಕೈಯಲ್ಲಿ ಅಧಿಕಾರವಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಕೊಡುವ ಅಧಿಕಾರಿ ಷರತ್ತುಗಳನ್ನು ಬದಲಿಸಬಹುದು, ಸಾರ್ವಜನಿಕರ ಸುರಕ್ಷತೆಗೆ ಬೇಕೆಂದು ಕಂಡರೆ ಲೈಸೆನ್ಸನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು. 2019ರ ತಿದ್ದುಪಡಿ ಸಂಭ್ರಮಕ್ಕೆಂದು ಅಜಾಗರೂಕವಾಗಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿದೆ. ಆದರೆ ಇವೆಲ್ಲ ಅನಾಹುತ ಆದ ಮೇಲಿನ ಮಾತು. ನಾನು ಕೇಳುವುದು ಮೊದಲಿನದ್ದನ್ನು. ರೇಂಜಿನ ಅರ್ಜಿಯ ಮೇಲೆ ನೀವು ಅಭಿಪ್ರಾಯ ಬರೆಯುವಾಗ ಮದ್ಯವಿಲ್ಲದ ಆವರಣ ಎಂಬ ಷರತ್ತನ್ನು ಸ್ಪಷ್ಟವಾಗಿ ಸೇರಿಸಿ. ಅಬಕಾರಿ ಇಲಾಖೆಗೂ ತಿಳಿಸಿ, ಮುಂದೊಂದು ದಿನ ಅದೇ ಸರ್ವೆ ನಂಬರಿನಲ್ಲಿ ಕ್ಲಬ್ ಲೈಸೆನ್ಸಿಗೆ ಬೇರೆ ಅರ್ಜಿ ಬಂದು ಒಳಗೆ ತೂರುವ ಹಾಗಾಗಬಾರದು. ಬಾಗಿಲಲ್ಲಿ ಉಸಿರು ಪರೀಕ್ಷೆಯ ಯಂತ್ರ ಇರಲಿ, ಅದು ರಸ್ತೆಯಲ್ಲಿ ಪೊಲೀಸರ ಕೈಯಲ್ಲಿರುವಂಥದ್ದೇ, ದೊಡ್ಡ ಖರ್ಚಿನದ್ದಲ್ಲ. ಯಾರನ್ನೂ ಹಿಂದೆ ಕಳಿಸುವ ಅಧಿಕಾರ ರೇಂಜ್ ಆಫೀಸರನಿಗೆ ಇದೆ, ಅದಕ್ಕಾಗಿ ಮಾಲೀಕ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು ಷರತ್ತಿನಲ್ಲೇ ಬರೆಯಿರಿ. ಸುರಕ್ಷತೆಯ ನಿಯಮಗಳ ಬೋರ್ಡು ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ಮಂಜೇಶ್ವರ, ಕಾಸರಗೋಡು ತಾಲೂಕಿನ ಎಷ್ಟೋ ಹಿರಿಯ ಲೈಸೆನ್ಸ್‌ದಾರರಿಗೆ ಓದಲು ಬರುವುದು ಕನ್ನಡ ಮಾತ್ರ.

ಹಣ ಹುಟ್ಟುವುದಿಲ್ಲ ಎಂದವರ ಮಾತನ್ನೂ ಬಿಟ್ಟುಬಿಡುವುದು ಸರಿಯಲ್ಲ. .22 ರೈಫಲಿನ ರೇಂಜಿಗೆ ಮಣ್ಣಿನ ದಿಬ್ಬ, ಗೋಡೆ, ತೋಟೆಯ ದಾಸ್ತಾನು ಎಂದು ಖರ್ಚು ಏರುತ್ತದೆ. ಆದರೆ ಶುರುಮಾಡಲು ಅದೇ ಆಗಬೇಕೆಂದಿಲ್ಲ. ಹತ್ತು ಮೀಟರಿನ ಏರ್ ರೈಫಲಿಗೆ ಬೇಕಾದದ್ದು ಉದ್ದನೆಯ ಒಂದು ಹಾಲ್, ಒಳ್ಳೆಯ ಬೆಳಕು, ಹಿಂದೆ ಒಂದು ಭದ್ರ ತಡೆ, ಕಾಗದದ ಗುರಿಹಲಗೆ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕಟ್ಟಡವೋ, ವಾರಕ್ಕೊಂದು ಸಭೆಗೆ ಮಾತ್ರ ತೆರೆಯುವ ಪಂಚಾಯತು ಹಾಲೋ ಸಾಕು. ಎನ್‌ಸಿಸಿ ಮಕ್ಕಳು, ಕಾಲೇಜಿನವರು, ಪಟ್ಟಿಯಲ್ಲಿರುವ ಕೃಷಿಕರು, ಪೊಲೀಸರ ಮಕ್ಕಳು ಸೇರಿದರೆ ದಿನ ತುಂಬುತ್ತದೆ. ಹೊರಗೆ ಒಂದು ಚಾ ಕ್ಯಾಂಟೀನ್ ಇರಲಿ, ಗೋಳಿಬಜೆಗೆ ಗಿರಾಕಿ ಕಡಿಮೆಯಾಗುವುದಿಲ್ಲ. ಇಂಥ ಕೆಲಸಕ್ಕೆ ನಮ್ಮ ಪಂಚಾಯತಿನ ಕೃಷಿಕರಿಂದ ಮರಮಟ್ಟು, ಕೂಲಿ, ಹಣ ಒಟ್ಟುಮಾಡಿಕೊಡಲು ನಾನು ಓಡಾಡುತ್ತೇನೆ. ಆಗಲೇ ನಾಲ್ಕಾರು ಮನೆಯವರು ಒಪ್ಪಿದ್ದಾರೆ.

ಈ ಪತ್ರಕ್ಕೆ ಲಿಖಿತ ಉತ್ತರವನ್ನು ಕನ್ನಡದಲ್ಲಿ ಕೊಡಬೇಕೆಂದು ವಿನಂತಿ. ಹಾಲ್ ಯಾವುದಾಗಬಹುದು ಎಂದು ನೋಡಲು ಕ್ರೀಡಾ ವಿಭಾಗದವರನ್ನು ಕಳಿಸುವುದಾದರೆ ಪೆರ್ಲದಿಂದ ಜೀಪಿನಲ್ಲಿ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು.

ಇತಿ,
ಎಣ್ಮಕಜೆ ಪಂಚಾಯತಿನ ಒಬ್ಬ ಕೃಷಿಕ ಮಹಿಳೆ, ಕೋವಿ ಲೈಸೆನ್ಸ್‌ದಾರಳು